ಮಾವಿನ ತೋಪಿಗೆ ಬಂದಳಿಕೆಯ ಬಾಧೆ

ಕೋಲಾರ ಜಿಲ್ಲೆಯು ಮಾವಿನ ಬೆಳೆಗೆ ಹೆಸರಾದುದು. ಊರಿಗಾಂ, ಬಂಗಾರಪೇಟೆಗಳ ಸುತ್ತಣ ತೋಟದವರು ತಮ್ಮ ಮರಗಳಲ್ಲಿ ಬಂದಳಿಕೆ ಅಥವಾ ಬದನಿಕೆಯುಂಟೇ ಎಂಬುದನ್ನು ಆಗಾಗ್ಗೆ ಪರೀಕ್ಷಿಸತಕ್ಕದ್ದು. ಡೆಂಡ್ರೋಫ್ತೋ ಕುಲಕ್ಕೆ ಸೇರಿದ ಈ ಸಸ್ಯವು ಅರೆಪರಾವಲಂಬಿ. ಹಸುರೆಲೆಗಳಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಂಡರೂ ನೀರನ್ನೂ ಲವಣಗಳನ್ನೂ ಮರದಿಂದಲೇ ಹೀರುವುದು. ಆದಕಾರಣ ಅದರಾಚೆಯ ಕೊಂಬೆಯು ಸೊರಗಿ ಫಸಲು ಕುಗ್ಗುವುದು.

ಇದರ ಹಣ್ಣನ್ನು ತಿನ್ನುವ ಸಣ್ಣ ಹಕ್ಕಿಗಳಿಂದ ಅಂಟುಳ್ಳ ಬೀಜವು ಬೇರೆ ಕೊಂಬೆಗಳಿಗೆ ಹತ್ತಿ, ಅಲ್ಲಿಯೇ ಮೊಳೆತು, ತೊಗಟೆಯೊಳಕ್ಕೆ ಇಳಿಯುವುದು. ಗಿಡವನ್ನು ಮಾತ್ರ ಕಿತ್ತರೆ ಒಳಗುಳಿದ ಭಾಗವು ಪುನಃ ಚಿಗುರಬಹುದು. ಆದುದರಿಂದ ಹಣ್ಣಾಗುವುದಕ್ಕೆ ಮುಂಚೆಯೇ, ಅದು ಅಂಟಿದ ಜಾಗಕ್ಕಿಂತ ಬುಡದ ಕಡೆಗೆ ಒಂದಡಿಯಷ್ಟು ಬಿಟ್ಟು ಕೊಂಬೆಯನ್ನೇ ಕೊಯ್ಯಬೇಕು.

ಒಬ್ಬರ ತೋಪಿನಲ್ಲುಳಿದ ಬಂದಳಿಕೆಯು ಊರ ತೋಪುಗಳಿಗೆಲ್ಲಾ ಬೀಜವನ್ನೊದಗಿಸುವುದು. ಗ್ರಾಮದ ಮುಖಂಡರು ಈ ಕೆಲಸವನ್ನು ಎಲ್ಲರಿಂದಲೂ ಒಂದೇ ಕಾಲದಲ್ಲಿ ಮಾಡಿಸುವುದು ಮೇಲು.