ಸಾವಿರ ವರ್ಷ ಉಳಿಯುವ ಸಗಣಿಯ ಗುರುತು



ಕುರಿ ಮಂದೆ ನಿಲ್ಲಿಸಿದ ಹೊಲದಲ್ಲಿ ಪೈರು ಹೇಗೆ ಕಪ್ಪಗೆ ಏಳುತ್ತದೆಂಬುದನ್ನು ನೀವು ಬಲ್ಲಿರಿ. ಹಿಕ್ಕೆ ಕಣ್ಣಿಗೆ ಕಾಣದಂತಾದ ಮೇಲೂ ಅದರ ಸತ್ವ ಮಣ್ಣಿನಲ್ಲಿರುತ್ತದೆ. ಆ ಸತ್ವವನ್ನು ಬೆಳೆಗಳು ಉಂಡು ತೀರಿಸಿದರೂ, ಸಗಣಿಯಲ್ಲಿಯ ಕೆಲವು ವಸ್ತುಗಳು ನೂರಾರು, ಸಾವಿರಾರು ವರ್ಷ ಮಣ್ಣಿನಲ್ಲೇ ನಿಲ್ಲುತ್ತವೆ. ಬರಹದ ದಾಖಲೆಯಿಲ್ಲದ ಕಾಲದಲ್ಲಿ ಒಂದು ಜಾಗದಲ್ಲಿ ಜನರಿದ್ದರೇ, ಯಾವ ಜಾನುವಾರು ಸಾಕಿದ್ದರು ಎಂಬುದನ್ನು ವಿಜ್ಞಾನಿಗಳು ಇವುಗಳ ನೆರವಿನಿಂದ ತಿಳಿಯುತ್ತಿದ್ದಾರೆ.

ಏನಿದು ಗುರುತು?

ಕರುಳಿನಲ್ಲಿರುವ ಸೂಕ್ಷ್ಮಾಣುಗಳು ಕೊಬ್ಬಿನ ಜಾತಿಯ ಕೆಲವು ವಸ್ತುಗಳನ್ನು ಮಾರ್ಪಡಿಸುತ್ತವೆ. ಮನುಷ್ಯನ ಕರುಳಿನಲ್ಲಿ ಕೊಲೆಸ್ಟರಾಲ್ ಎಂಬ ವಸ್ತು ಕೊಪ್ರೊಸ್ಟನಾಲ್ ಆಗುತ್ತದೆ. ದನ, ಕುರಿಗಳು ಹುಲ್ಲು ಸೊಪ್ಪು ತಿಂದು ಮೆಲುಕು ಹಾಕುವುದರಿಂದ ಅವುಗಳ ಸಗಣಿಯಲ್ಲಿ ಸಸ್ಯಮೂಲದ ಬೀಟಾ-ಸ್ಟಿಗ್ಮಸ್ಟನಾಲ್ ಹೆಚ್ಚು. ಹಂದಿಯ ಮಲವನ್ನು ಅದರ ಪಿತ್ತರಸದ ಆಮ್ಲದಿಂದ ಬೇರೆಯಾಗಿ ಗುರುತಿಸಬಹುದು. ಒಂದೇ ವಸ್ತು ಸಿಕ್ಕಿದರೆ ಸಾಲದು. ಇವುಗಳ ಪರಸ್ಪರ ಪ್ರಮಾಣ ನೋಡಿಯೇ ತೀರ್ಮಾನಿಸಬೇಕು.

ಇವು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಮಣ್ಣಿನ ಕಣಗಳಿಗೆ ಅಂಟಿಕೊಳ್ಳುವುದರಿಂದ ಮಳೆನೀರಿನೊಡನೆ ಬಸಿದುಹೋಗುವುದೂ ಕಡಿಮೆ. ಗಾಳಿಯಾಡದ ಕೆರೆಯ ಹೂಳಿನಲ್ಲಂತೂ ಬಹುಕಾಲ ಕೆಡದೆ ಉಳಿಯುತ್ತವೆ.

ಹೊಲದಲ್ಲೇ ಸಿಕ್ಕ ಸಾಕ್ಷಿ

ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಹೂಸ್‌ಫೀಲ್ಡ್ ಎಂಬ ಹೊಲದಲ್ಲಿ 1852ರಿಂದ ಬಾರ್ಲಿ ಪ್ರಯೋಗ ನಡೆದಿದೆ. ಅಲ್ಲಿ ಒಂದು ತಾಕಿಗೆ 1871ರವರೆಗೆ ಮಾತ್ರ ಕೊಟ್ಟಿಗೆ ಗೊಬ್ಬರ ಕೊಟ್ಟು ಅನಂತರ ನಿಲ್ಲಿಸಿದರು. ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಮಣ್ಣು ಪರೀಕ್ಷಿಸಿದಾಗಲೂ ಆ ತಾಕಿನಲ್ಲಿ ಸಗಣಿಯ ಗುರುತು ಉಳಿದಿತ್ತು.

ಕುರಿ ಹೇಳಿದ ಚರಿತ್ರೆ

ಇನ್ನೂ ಹಳೆಯ ಕಾಲಕ್ಕೆ ಒಂದು ಉದಾಹರಣೆ ನೋಡಿರಿ. ಸ್ಕಾಟ್ಲೆಂಡ್ ಮತ್ತು ಐಸ್‌ಲೆಂಡ್‌ಗಳ ನಡುವಣ ಸಾಗರದಲ್ಲಿ ಫ್ಯಾರೋ ದ್ವೀಪಗಳಿವೆ. ಕ್ರಿ.ಶ. 9ನೇ ಶತಮಾನದಲ್ಲಿ ವೈಕಿಂಗರೇ ಅಲ್ಲಿ ಮೊದಲು ನೆಲೆಸಿದರೆಂದು ಬಹುಕಾಲ ನಂಬಲಾಗಿತ್ತು. ಅಲ್ಲಿಯ ಒಂದು ಸರೋವರದ ತಳದ ಹೂಳನ್ನು ಕೊಳವೆಯಿಂದ ಹೊರತೆಗೆದು, ಪದರ ಪದರವಾಗಿ ಪರೀಕ್ಷಿಸಿದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಸುಮಾರು ಕ್ರಿ.ಶ. 500ರ ಪದರದಿಂದ ಸಗಣಿಯ ಗುರುತುಗಳು ಏರಿದ್ದವು, ಕುರಿಯ ಡಿ.ಎನ್.ಎ. ಕೂಡ ಸಿಕ್ಕಿತು. ಆ ದ್ವೀಪಗಳಲ್ಲಿ ಮೊದಲು ಮೇಯುವ ಕಾಡುಪ್ರಾಣಿಗಳಿರಲಿಲ್ಲ. ಕುರಿ ತಾನಾಗಿ ಸಮುದ್ರ ದಾಟಿ ಬರಲಾರದು. ಆದ್ದರಿಂದ ದೋಣಿಯಲ್ಲಿ ಕುರಿ ತಂದ ಜನ ವೈಕಿಂಗರಿಗಿಂತ ಸುಮಾರು 300 ವರ್ಷ ಮೊದಲೇ ಅಲ್ಲಿದ್ದರೆಂದಾಯಿತು. ಆ ಜನರ ಮನೆಯ ಅಡಿಪಾಯ ಹುಡುಕದೆ, ಅವರ ಕುರಿಗಳ ಹಿಕ್ಕೆಯಿಂದಲೇ ಈ ಸಂಗತಿ ತಿಳಿಯಿತು.

ನಮ್ಮ ಬೂದಿದಿಬ್ಬಗಳು

ಸಗಣಿಯೇ ಚರಿತ್ರೆಯಾಗಿ ನಿಂತ ಜಾಗಗಳು ನಮ್ಮಲ್ಲೂ ಉಂಟು. ಬಳ್ಳಾರಿ, ರಾಯಚೂರು, ಯಾದಗಿರಿ ಕಡೆಯ ಬೂದಿದಿಬ್ಬಗಳನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ದಹಿಸಿದ ಸ್ಥಳವೆಂದು ಜನ ಹೇಳುತ್ತಾರೆ. ನವಶಿಲಾಯುಗದ ದನಗಾಹಿಗಳು ದೊಡ್ಡಿಯ ಸಗಣಿಯನ್ನು ಮತ್ತೆ ಮತ್ತೆ ಸುಟ್ಟು ಇಂಥ ದಿಬ್ಬಗಳಾದುವೆಂಬುದು ಸಂಶೋಧನೆಯಿಂದ ತಿಳಿದಿದೆ. ಇಂದಿನ ತೆಲಂಗಾಣದಲ್ಲಿರುವ ಉತನೂರಿನ ದಿಬ್ಬವನ್ನು 1957ರಲ್ಲಿ ಆಲ್ಚಿನ್ ಅವರು ಅಗೆಸಿದಾಗ ದನಗಳ ಗೊರಸಿನ ಗುರುತುಗಳೇ ದೊರೆತವು. ಯಾದಗಿರಿ ಜಿಲ್ಲೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು 1990ರ ದಶಕದಲ್ಲಿ ಉತ್ಖನನ ನಡೆಸಿದರು.

ಚೆನ್ನಾಗಿ ಉರಿದ ಬೂದಿಯಲ್ಲಿ ಮೇಲೆ ಹೇಳಿದ ಕೊಬ್ಬಿನ ವಸ್ತುಗಳು ಉಳಿಯುವುದಿಲ್ಲ. ಅವನ್ನು ಹುಡುಕಬೇಕಾದದ್ದು ಸುಡದೆ ಉಳಿದ ದೊಡ್ಡಿಯ ಪದರದಲ್ಲಿ ಮತ್ತು ಸುತ್ತಲಿನ ಮಣ್ಣಿನಲ್ಲಿ. ಹೊಲ ವಿಸ್ತರಿಸಲು, ರಸ್ತೆ ಮಾಡಲು ಅಗೆದು ಹಲವು ದಿಬ್ಬಗಳು ಹಾಳಾಗಿವೆ.

ನೀವು ಗಮನಿಸಬೇಕಾದ ಅಂಶಗಳು

1. ಹೊಲದ ಅಂಚಿನಲ್ಲಿ ಬೂದಿದಿಬ್ಬವಿದ್ದರೆ ಅಗೆಯಬೇಡಿ, ಸಮ ಮಾಡಬೇಡಿ. ಒಮ್ಮೆ ಬೆರೆತ ಪದರಗಳನ್ನು ಮತ್ತೆ ಬೇರ್ಪಡಿಸಲಾಗದು.

2. ಅದರ ಮೇಲೆ ಅಥವಾ ಪಕ್ಕದಲ್ಲಿ ತಿಪ್ಪೆ ಹಾಕಬೇಡಿ, ಮಂದೆ ನಿಲ್ಲಿಸಬೇಡಿ. ಹೊಸ ಸಗಣಿಯ ಗುರುತು ಹಳೆಯದರೊಡನೆ ಬೆರೆತರೆ ಪರೀಕ್ಷೆ ದಾರಿ ತಪ್ಪುತ್ತದೆ.

3. ಉಳುವಾಗ ಕಲ್ಲಿನ ಕೊಡಲಿ, ಹಳೆಯ ಮಡಕೆಯ ಚೂರು ಸಿಕ್ಕರೆ ಸಿಕ್ಕ ಜಾಗವನ್ನು ಗುರುತು ಮಾಡಿ, ಪುರಾತತ್ವ ಇಲಾಖೆಗೆ ಅಥವಾ ತಹಶೀಲ್ದಾರರ ಕಚೇರಿಗೆ ತಿಳಿಸಿರಿ.

ಒಂದು ಗಾಡಿ ಬೂದಿ ಹೊಲಕ್ಕೆ ಹೇರಿದರೆ ಆಗುವ ಲಾಭ ಅಲ್ಪ. ಅದರೊಡನೆ ಹೋಗುವುದು ಈ ನೆಲದಲ್ಲಿ ನಮಗಿಂತ ಮೊದಲು ದನ ಕಟ್ಟಿದವರ ಲೆಕ್ಕ.