ಲಂಡನ್ನಿನ ಅಟ್ಟಕ್ಕೆ ಯಾವ ಹೊದಿಕೆ?

ಮಲೆನಾಡಿನ ಅಟ್ಟವಿರುವುದು ಅಡಿಕೆ ಮೂಟೆಗೆ, ಹಳೇ ಪೆಟ್ಟಿಗೆಗಳಿಗೆ. ಲಂಡನ್ನಿನಲ್ಲಿ ಅಟ್ಟವೆಂದರೆ ಇನ್ನೊಂದು ಮಲಗುವ ಕೋಣೆ. ದೊಡ್ಡ ಮನೆ ಕೊಳ್ಳಲಾಗದೆ, ವಿಕ್ಟೋರಿಯಾ ಕಾಲದ ಸಾಲುಮನೆಯ ಸೂರಿನಡಿ ಕೋಣೆ ಕಟ್ಟಿಸುವವರಲ್ಲಿ ಕನ್ನಡ ಕುಟುಂಬಗಳೂ ಇವೆ. ಅವರ ಮೊದಲ ಪ್ರಶ್ನೆ: ಯಾವ ಇನ್ಸುಲೇಷನ್ ಒಳ್ಳೆಯದು?

ಮೊದಲು ಪಕಾಸು, ಅಂದರೆ ಹೆಂಚನ್ನು ಹೊರುವ ಇಳಿಜಾರು ಮರ, ಅಳೆಯಬೇಕು. ಈ ಮನೆಗಳಲ್ಲಿ ಅದು ಹೆಚ್ಚಾಗಿ 100 ಮಿ.ಮೀ. ಆಳ. ಹೆಂಚಿನ ಕೆಳಗೆ ಹಳೆಯ ಟಾರು ಹಾಳೆಯಿದ್ದರೆ, ಅದರಡಿ 50 ಮಿ.ಮೀ. ಗಾಳಿಗೆ ಬಿಡಲೇಬೇಕು. ಉಳಿದದ್ದು ಐವತ್ತೇ. ಇಂಗ್ಲೆಂಡಿನ ಕಟ್ಟಡ ನಿಯಮ ಕೇಳುವ ಯು-ಮೌಲ್ಯ, ಅಂದರೆ ಚಾವಣಿಯಿಂದ ಶಾಖ ಸೋರುವ ಪ್ರಮಾಣ, 0.16ರ ಆಸುಪಾಸಿನದು. ಅದು ಐವತ್ತರಲ್ಲಿ ದಕ್ಕದು. ಪಿಐಆರ್ ಎಂಬ ಗಟ್ಟಿ ನೊರೆ ಹಲಗೆ ಹಾಕಿದರೂ ಪಕಾಸಿನ ಕೆಳಗೆ ಸುಮಾರು 100 ಮಿ.ಮೀ. ಮತ್ತೆ ಬೇಕು. ಕಲ್ಲು ಕರಗಿಸಿ ನೂಲಿನಂತೆ ಎಳೆದ ರಾಕ್ ವೂಲ್ ಆದರೆ ದಪ್ಪ ಒಂದೂವರೆ ಪಟ್ಟಿಗೂ ಹೆಚ್ಚು. ತಲೆ ತಗುಲುವ ಕೋಣೆಯಲ್ಲಿ ಪಿಐಆರ್ ಗೆಲ್ಲುವುದು ಇದರಿಂದಲೇ.

ನನಗೆ ದಪ್ಪಕ್ಕಿಂತ ತೇವದ ಚಿಂತೆ ದೊಡ್ಡದು. ನಮ್ಮೂರ ಹೆಂಚಿನ ಮಾಡು ಸಂದುಸಂದಿನಲ್ಲೂ ಉಸಿರಾಡುತ್ತದೆ. ಅನ್ನದ ಹಬೆ, ಬಚ್ಚಲ ಹಬೆ ತಾನಾಗಿ ಹೊರಗೆ ಹೋಗುತ್ತದೆ. ಇಲ್ಲಿ ಎಲ್ಲ ಮುಚ್ಚಿರುತ್ತೇವೆ. ಜನವರಿಯ ರಾತ್ರಿ ಕೋಣೆಯ ಬೆಚ್ಚನೆ ಗಾಳಿ ಹಲಗೆಯ ಸಂದಿನಲ್ಲಿ ನುಸುಳಿ, ತಣ್ಣಗಿನ ಟಾರು ಹಾಳೆಗೆ ತಾಗಿ ನೀರಾಗಿ ಇಳಿಯುತ್ತದೆ. ವರ್ಷಗಟ್ಟಲೆ ಇಳಿದರೆ ಮರ ಕೊಳೆಯುತ್ತದೆ. ಒಳಮೈಗೆ ಆವಿ ತಡೆಯುವ ಹಾಳೆ ಹಾಸಿ ಅಂಚಿಗೆಲ್ಲ ಟೇಪು ಅಂಟಿಸುವುದು ಇದಕ್ಕಾಗಿ. ಸೊಟ್ಟ ಪಕಾಸುಗಳ ನಡುವೆ ಗಟ್ಟಿ ಹಲಗೆಯನ್ನು ಸಂದಿಲ್ಲದೆ ಕೂರಿಸುವುದು ನಾಜೂಕಿನ ಕೆಲಸ. ರಾಕ್ ವೂಲ್ ಆದರೆ ಒತ್ತಿದಲ್ಲಿ ಕೂರುತ್ತದೆ.

ಹೆಂಚಿನಡಿಗೆ ನೊರೆ ಎರಚಿಸುವುದು ಮಾತ್ರ ಬೇಡ. ಒಳಗಿನ ಮರ ಗಟ್ಟಿಯಿದೆಯೋ ಕೊಳೆತಿದೆಯೋ ಕಾಣದಂತೆ ಅದು ಮುಚ್ಚಿಬಿಡುತ್ತದೆ. ಅಂಥ ಮನೆಗೆ ಸಾಲ ಕೊಡಲು ಇಲ್ಲಿನ ಎಷ್ಟೋ ಬ್ಯಾಂಕುಗಳು ಹಿಂಜರಿಯುತ್ತವೆ.

ಚಳಿಯೊಂದನ್ನೇ ಲೆಕ್ಕ ಹಾಕುವ ಕಾಲವೂ ಹೋಯಿತು. 2022ರ ಜುಲೈ 19ರಂದು ಲಿಂಕನ್‌ಶೈರಿನ ಕಾನಿಂಗ್ಸ್‌ಬಿಯಲ್ಲಿ ಉಷ್ಣಾಂಶ 40.3 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಹಗುರ ನೊರೆ ಹಲಗೆಗಿಂತ ತೂಕದ ಮರನಾರಿನ ಹಲಗೆ ಮಧ್ಯಾಹ್ನದ ಕಾವನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಅದರ ಬೆಲೆಯೂ ದಪ್ಪವೂ ಜಾಸ್ತಿ. ತಲೆಗೆ ಜಾಗವಿದ್ದರೆ ನನ್ನ ಮತ ಅದಕ್ಕೇ.

ಯಾವುದನ್ನೇ ಆರಿಸಿ, ಜಿಪ್ಸಂ ಹಲಗೆ ಮುಚ್ಚುವ ಮೊದಲು ಟಾರ್ಚು ಹಿಡಿದು ಮೇಲೆ ಹತ್ತಿ. ಒಂದೊಂದು ಸಂದನ್ನೂ ನೋಡಿ, ಫೋಟೋ ತೆಗೆದಿಟ್ಟುಕೊಳ್ಳಿ.