ಸಾಫ್ಟ್‌ವೇರ್ ಎಂಜಿನಿಯರ್ ವೃತ್ತಿ: ತಪ್ಪು ಕಲ್ಪನೆ ಮತ್ತು ಸತ್ಯ

ಸಾಫ್ಟ್‌ವೇರ್ ಎಂಜಿನಿಯರ್ ದಿನವಿಡೀ ಕೋಡ್ ಬರೆಯುತ್ತಾರೆ, ಅಂದರೆ ಕಂಪ್ಯೂಟರಿಗೆ ನೀಡಬೇಕಾದ ಸೂಚನೆಗಳನ್ನು ಬರೆಯುತ್ತಾ ಕೂರುತ್ತಾರೆ ಎಂಬುದು ಈ ವೃತ್ತಿಯ ಬಗೆಗಿನ ಅತಿ ವ್ಯಾಪಕವಾದ ನಂಬಿಕೆ. ಐಬಿಎಂ ಸಂಸ್ಥೆಯಲ್ಲಿ ಸಿಸ್ಟಂ/360 ಕಂಪ್ಯೂಟರುಗಳ ಆಪರೇಟಿಂಗ್ ಸಿಸ್ಟಂ ನಿರ್ಮಾಣದ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್, 1975ರಲ್ಲಿ ಪ್ರಕಟವಾದ ‘ದಿ ಮಿಥಿಕಲ್ ಮ್ಯಾನ್-ಮಂತ್’ ಕೃತಿಯಲ್ಲಿ ಒಟ್ಟು ಅವಧಿಯ ಮೂರರಲ್ಲೊಂದು ಪಾಲನ್ನು ಯೋಜನೆಗೂ ಅರ್ಧಪಾಲನ್ನು ಪರೀಕ್ಷೆಗೂ ಮೀಸಲಿಟ್ಟು, ಕೋಡ್ ಬರೆಯಲು ಆರರಲ್ಲೊಂದು ಪಾಲನ್ನು ಮಾತ್ರ ಬಿಟ್ಟಿದ್ದರು. ಸಲಕರಣೆಗಳು ಅಂದಿನಿಂದ ಬಹಳ ಬದಲಾಗಿದ್ದರೂ, ಬೇರೆಯವರು ಬರೆದ ಕೋಡನ್ನು ಓದುವುದು, ಬಳಕೆದಾರರಿಗೆ ನಿಜವಾಗಿ ಏನು ಬೇಕೆಂದು ಕೇಳಿ ತಿಳಿಯುವುದು, ತಪ್ಪಿನ ಮೂಲವನ್ನು ಹುಡುಕುವುದು ಇಂದಿಗೂ ದಿನದ ದೊಡ್ಡ ಪಾಲನ್ನು ಪಡೆಯುತ್ತವೆ.

ಇದು ಹೇಗೆಂಬುದಕ್ಕೆ ಕನ್ನಡದ್ದೇ ಉದಾಹರಣೆಯಿದೆ. ಜಗತ್ತಿನ ಲಿಪಿಗಳ ಪ್ರತಿ ಚಿಹ್ನೆಗೂ ಒಂದು ಸಂಖ್ಯೆಯನ್ನು ಗೊತ್ತುಪಡಿಸುವ ಯೂನಿಕೋಡ್ ವ್ಯವಸ್ಥೆಯಲ್ಲಿ ‘ಲಕ್ಷ್ಮೀನಾರಾಯಣ’ ಎಂಬ ಹೆಸರು, ಓದುಗರ ಕಣ್ಣಿಗೆ ಆರೇ ಅಕ್ಷರವಾದರೂ, ವ್ಯಂಜನದ ಸ್ವರವನ್ನು ತೆಗೆಯುವ ಹಲಂತ ಚಿಹ್ನೆ, ಕಾಗುಣಿತದ ಗುರುತುಗಳೂ ಸೇರಿ 13 ಚಿಹ್ನೆಗಳಾಗಿ ಉಳಿಯುತ್ತದೆ. ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಜಾಗ ಬೇಕಾದ್ದರಿಂದ ಇಡೀ ಹೆಸರಿಗೆ 39 ಬೈಟ್ ಬೇಕು. ಇಂಗ್ಲಿಷ್ ಹೆಸರುಗಳಷ್ಟನ್ನೇ ಗಮನದಲ್ಲಿಟ್ಟುಕೊಂಡು ಯಾರೋ 30 ಬೈಟಿನ ಮಿತಿ ಹಾಕಿದ್ದರೆ ಅಲ್ಲಿ ಉಳಿಯುವುದು ‘ಲಕ್ಷ್ಮೀನಾರ’ ಮಾತ್ರ. ಇದನ್ನು ಸರಿಪಡಿಸಲು ಬದಲಿಸಬೇಕಾದ್ದು ಒಂದು ಸಂಖ್ಯೆಯಷ್ಟೇ ಆಗಿರಬಹುದು. ಆದರೆ ಅದೇ ಮಿತಿ ದತ್ತಾಂಶ ಸಂಗ್ರಹದಲ್ಲಿ, ಮುದ್ರಣದಲ್ಲಿ, ಆ ಹೆಸರನ್ನು ಪಡೆಯುವ ಇತರ ವ್ಯವಸ್ಥೆಗಳಲ್ಲಿ ಎಲ್ಲೆಲ್ಲಿ ಅಡಗಿದೆಯೆಂದು ಹುಡುಕಿ, ಬದಲಾವಣೆಯಿಂದ ಮತ್ತೇನೂ ಕೆಡಲಿಲ್ಲವೆಂದು ಖಚಿತಪಡಿಸಿಕೊಳ್ಳುವುದೇ ನಿಜವಾದ ಕೆಲಸ. ಸ್ವಂತ ಹೆಸರು ತುಂಡಾಗಿ ಮುದ್ರಿತವಾದವರ ಪಾಲಿಗೆ ಇದು ಸಣ್ಣ ದೋಷವಲ್ಲ.

ಕೆಲಸ ತಡವಾದರೆ ಇನ್ನಷ್ಟು ಜನರನ್ನು ಸೇರಿಸಿದರಾಯಿತು ಎಂಬ ನಂಬಿಕೆಯನ್ನೂ ಬ್ರೂಕ್ಸ್ ತಳ್ಳಿಹಾಕಿದ್ದರು. ಹೊಸಬರಿಗೆ ಕಲಿಸಲು ಹಳಬರ ಸಮಯ ಹೋಗುತ್ತದೆ; ಜೊತೆಗೆ, ಐದು ಮಂದಿಯ ತಂಡದಲ್ಲಿ ಪರಸ್ಪರ ಮಾತಾಡಿಕೊಳ್ಳಬೇಕಾದ ಜೋಡಿಗಳು 10 ಇದ್ದರೆ, ಹತ್ತು ಮಂದಿಯ ತಂಡದಲ್ಲಿ ಅವು 45 ಆಗುತ್ತವೆ.

ಕಂಪ್ಯೂಟರ್ ಸೈನ್ಸ್ ಪದವಿಯಿಲ್ಲದೆ ಈ ವೃತ್ತಿಗೆ ಪ್ರವೇಶವಿಲ್ಲ ಎಂಬುದೂ ಸರಿಯಲ್ಲ. ಚಂದ್ರನತ್ತ ಸಾಗಿದ ಅಪೊಲೊ ನೌಕೆಗಳ ಸಾಫ್ಟ್‌ವೇರ್ ತಂಡವನ್ನು ಮುನ್ನಡೆಸಿದ ಮಾರ್ಗರೆಟ್ ಹ್ಯಾಮಿಲ್ಟನ್ ಓದಿದ್ದು ಗಣಿತ. ಬೆಂಗಳೂರಿನ ಕಂಪನಿಗಳಲ್ಲಿ ಮೆಕ್ಯಾನಿಕಲ್, ಸಿವಿಲ್ ಓದಿ ಬಂದವರು ಅಪರೂಪವೇನಲ್ಲ. ಬಡ್ತಿಯೆಂದರೆ ಮ್ಯಾನೇಜರ್ ಆಗುವುದೊಂದೇ ದಾರಿಯಲ್ಲ. ಜನರನ್ನು ನಿರ್ವಹಿಸುವ ಹೊಣೆ ಹೊರದೆ ಪ್ರಿನ್ಸಿಪಲ್ ಎಂಜಿನಿಯರ್, ಆರ್ಕಿಟೆಕ್ಟ್ ಮುಂತಾದ ತಾಂತ್ರಿಕ ಹುದ್ದೆಗಳಿಗೆ ಏರುವ ದಾರಿಯೂ ಅನೇಕ ಸಂಸ್ಥೆಗಳಲ್ಲಿದೆ.

ಒಳ್ಳೆಯ ಎಂಜಿನಿಯರ್ ಮನೆಯಲ್ಲೂ ಕೋಡ್ ಬರೆಯಲೇಬೇಕೆಂಬ ನಂಬಿಕೆ ಹೆಚ್ಚು ಸೂಕ್ಷ್ಮವಾದದ್ದು, ಏಕೆಂದರೆ ಅದಕ್ಕೆ ಪ್ರಬಲ ನಿದರ್ಶನಗಳಿವೆ: ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಹವ್ಯಾಸವಾಗಿ ಆರಂಭಿಸಿದ ಲಿನಕ್ಸ್ ಇಂದು ಆಂಡ್ರಾಯ್ಡ್ ಫೋನುಗಳ ತಳಹದಿಯಾಗಿದೆ. ಆದರೆ ಅದು ಆಸಕ್ತಿಯಿಂದ ಹುಟ್ಟಿದ್ದೇ ಹೊರತು ಕರ್ತವ್ಯದಿಂದಲ್ಲ. ಸಂಜೆಯ ಹೊತ್ತು ಮಕ್ಕಳನ್ನೋ ವೃದ್ಧ ತಂದೆತಾಯಿಯನ್ನೋ ನೋಡಿಕೊಳ್ಳಬೇಕಾದವರನ್ನು, ಯಕ್ಷಗಾನಕ್ಕೋ ಚಾರಣಕ್ಕೋ ಬಿಡುವನ್ನು ಮೀಸಲಿಟ್ಟವರನ್ನು ಸಂದರ್ಶನದಲ್ಲಿ ‘ಸ್ವಂತ ಪ್ರಾಜೆಕ್ಟ್ ಏನಿದೆ’ ಎಂಬ ಒಂದೇ ಪ್ರಶ್ನೆಯಿಂದ ಅಳೆಯುವುದು ಅನ್ಯಾಯ. ಅಲ್ಲಿ ತಿಳಿಯುವುದು ಅಭ್ಯರ್ಥಿಗೆ ಎಷ್ಟು ಬಿಡುವಿದೆ ಎಂಬುದೇ ವಿನಾ ತಪ್ಪಿನ ಮೂಲವನ್ನು ಹುಡುಕಬಲ್ಲರೇ ಎಂಬುದಲ್ಲ.